ಮಳಿ ಹೊಳವಾಗಲಿ

ಬಾಡಿಗೆ ಮನೆಯನ್ನು ಬೇಸಿಗೆಯಲ್ಲಿ ನೋಡಬಾರದು. ಆದರೆ ಸರ್ಕಾರಿ ಶಾಲೆಯ ನೌಕರಿಯಲ್ಲಿರುವ ನನ್ನಂಥವರಿಗೆ ಬೇರೆ ದಾರಿಯಿಲ್ಲ. ಬದಲಿಯ ಆದೇಶ ಬರುವುದೇ ಸೂಟಿ ಮುಗಿಯುವ ಹೊತ್ತಿಗೆ. ಮನೆ ಹುಡುಕುವುದು ಮೇ ತಿಂಗಳ ಬಿಸಿಲಿನಲ್ಲಿ. ಆಗ ನಮ್ಮ ಹಾವೇರಿ ಜಿಲ್ಲೆಯಲ್ಲಿ ಯಾವ ಮನೆಯೂ ಸೋರುವುದಿಲ್ಲ. ಹಂಚಿನ ಸಂದಿಯಿಂದ ಪಡಸಾಲೆಗೆ ಇಳಿದ ಬಿಸಿಲಕೋಲು ಕಂಡು "ಗಾಳಿ ಬೆಳಕು ಛಲೋ ಐತಿ" ಎಂದು ನಾವೇ ಹೊಗಳುತ್ತೇವೆ. ಜೂನ್ 7–8ಕ್ಕೆ ಮಿರಗದ ಮಳೆ ಕೂಡುತ್ತದೆ, 22ರ ಸುಮಾರಿಗೆ ಆರಿದ್ರಾ. ಬೆಳಕು ಬಂದ ದಾರಿಯಲ್ಲೇ ನೀರೂ ಬರುತ್ತದೆ. ಅಷ್ಟೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಹಾಲು ಉಕ್ಕಿಸಿಯಾಗಿರುತ್ತದೆ, ಮಕ್ಕಳ ಹೆಸರನ್ನು ಶಾಲೆಗೆ ಹಚ್ಚಿಯಾಗಿರುತ್ತದೆ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು: ನೌಕರಿ ನನ್ನನ್ನು ಈ ನಾಲ್ಕೂ ಊರುಗಳಲ್ಲಿ ಬಾಡಿಗೆಗೆ ಇರಿಸಿದೆ. ಜಿಲ್ಲೆ ಒಂದೇ ಆದರೂ ತಲೆಯ ಮೇಲಿನ ಮಾಡು ಊರಿಗೊಂದು ನಮೂನೆ. ಹಾನಗಲ್ಲ, ಹಿರೇಕೆರೂರು ಮಲೆನಾಡಿನ ಸೆರಗಿನಲ್ಲಿರುವ ತಾಲ್ಲೂಕುಗಳು. ಅಲ್ಲಿ ಇಳಿಜಾರು ಹಂಚಿನ ಮನೆ ಹೆಚ್ಚು. ಸವಣೂರಿನ ಕಡೆ ಬಯಲು. ಮಳೆ ಕಡಿಮೆ, ಹಳೆಯ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಶಿಗ್ಗಾವಿಯಲ್ಲಿ ಎರಡೂ ಉಂಟು, ಹೆದ್ದಾರಿಯ ಬಗಲಿನ ಹೊಸ ಪ್ಲಾಟುಗಳಲ್ಲಿ ಸ್ಲ್ಯಾಬೂ ಉಂಟು. ಮಾಲಕರೂ ನಾಲ್ಕು ನಮೂನೆ. ಆದರೆ ನಾಲ್ವರೂ ಒಂದಿಲ್ಲೊಂದು ದಿನ ಆಡಿದ ಮಾತು ಮಾತ್ರ ಒಂದೇ: "ಮಳಿ ಹೊಳವಾಗ್ಲಿ, ನೋಡೂಣು."

ಈ ಮಾತಿನಲ್ಲಿ ಸುಳ್ಳು ಹುಡುಕಿದರೆ ಸಿಗುವುದಿಲ್ಲ. ಹಸಿ ಹಂಚಿನ ಮೇಲೆ ಪಾಚಿ ಕಟ್ಟಿರುತ್ತದೆ, ಕಾಲಿಟ್ಟವನು ಜಾರುತ್ತಾನೆ. ಒಂದು ಹಂಚು ಸರಿಮಾಡಲು ಹತ್ತಿದವನು ಹತ್ತು ಒಡೆದು ಇಳಿಯುತ್ತಾನೆ. ಅದಕ್ಕೇ ಮಳೆಯಲ್ಲಿ ಯಾವ ಗೌಂಡಿಯೂ ಮಾಡು ಹತ್ತುವುದಿಲ್ಲ. ಮಳೆ ನಿಂತ ಮೇಲೆ? ಮಳೆ ನಿಂತ ಮೇಲೆ ಮನೆ ಸೋರುವುದಿಲ್ಲ. ಸೋರದ ಮನೆಗೆ ಗೌಂಡಿ ಯಾಕೆ? ಹೀಗೆ ಆರಿದ್ರಾದ ಮಾತು ಪುನರ್ವಸುವಿಗೆ, ಪುನರ್ವಸುವಿನದು ಪುಷ್ಯಕ್ಕೆ, ಅಲ್ಲಿಂದ ಆಶ್ಲೇಷಕ್ಕೆ ಸರಿಯುತ್ತದೆ. ಪಂಚಮಿ ಬಂದರೆ ಉಂಡಿ ಮಾತ್ರ, ಗೌಂಡಿಯ ಮಾತಿಲ್ಲ. ದಸರೆಯ ಹೊತ್ತಿಗೆ ಆಕಾಶ ತಿಳಿಯಾಗುತ್ತದೆ. ಗೌಂಡಿ ಯಾರದೋ ಹೊಸ ಮನೆಯ ಪಾಯಕ್ಕೆ ಹೋಗಿರುತ್ತಾನೆ. ಬೇಸಿಗೆಯಲ್ಲಿ ಮಾಲಕರ ಮನೆಯ ಮದುವೆ. ಮತ್ತೆ ಮಿರಗ.

ಹಾನಗಲ್ಲಿನ ನಮ್ಮ ಮಾಲಕರು ಕಟ್ಟೆಯ ಮೇಲೆ ಕೂತು ಪೇಪರ್ ಓದುವ ಅಜ್ಜಾರು. ಬಹಳ ಮರ್ಯಾದಸ್ಥರು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಅವರ ತೋಟದಲ್ಲಿ ಆಪೂಸು ಗಿಡಗಳಿದ್ದವು. ಸೋರಿಕೆಯ ಸುದ್ದಿ ಹೇಳಲು ಹೋದ ಮೊದಲ ಸಲ ಒಂದು ಬುಟ್ಟಿ ಹಣ್ಣು ಕೊಟ್ಟು ಕಳಿಸಿದರು. ಮಾವಿನ ಹಣ್ಣು ತಿಂದ ಬಾಯಲ್ಲಿ ಜಗಳ ಆಡುವುದು ಹೇಗೆ? ಹಣ್ಣು ತೀರುವ ತನಕ ಸುಮ್ಮನಿದ್ದು ಮತ್ತೆ ಹೋದೆ. "ಯಜಮಾನ್ರು ಬರ್ಲಿ ಅಕ್ಕಾರ, ಅವರ ಕೂಡ ಮಾತಾಡ್ತೇನಿ" ಅಂದರು. ನಮ್ಮವರು ಹುಬ್ಬಳ್ಳಿಗೆ ಹೋಗಿಬರುವ ಮನುಷ್ಯ. ಅವರು ಬರುವ ಹೊತ್ತಿಗೆ ಅಜ್ಜಾರು ಮಲಗಿರುತ್ತಿದ್ದರು. ಸೋರುವ ಕಡೆಗೆಲ್ಲ ಬುಟ್ಟಿ, ಪಾತೇಲಿ ಇಡುವವಳು ನಾನು; ಅರ್ಧರಾತ್ರಿ ಎದ್ದು ಅವನ್ನು ಚೆಲ್ಲುವವಳೂ ನಾನು. ಮಾಡಿನ ಮಾತು ಮಾತ್ರ ಗಂಡಸರ ಮಾತು. ಈ ಅನುಭವ ನನಗೆ ನಾಲ್ಕೂ ಊರಲ್ಲಿ ತಪ್ಪಲಿಲ್ಲ, ಸವಣೂರೊಂದನ್ನು ಬಿಟ್ಟು. ಅಲ್ಲಿ ಮಾಲಕಿ ಹೆಂಗಸಾಗಿದ್ದರು.

ಹಂಚಿನದೇನೂ ತಪ್ಪಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮಾಡಲು ಹಿಡಿದ ಹಂಚು ಘಟ್ಟ ಹತ್ತಿ ನಮ್ಮ ಸೀಮೆಗೂ ಬಂತು. ಒಂದರ ತುಟಿಯೊಳಗೆ ಇನ್ನೊಂದು ಕೂಡುವ ಹಾಗೆ ಮಾಡಿದ ಜಾಣ ಸಾಮಾನು ಅದು. ಸರಿಯಾಗಿ ಕೂತಿದ್ದರೆ ಎಂಥ ಮಳೆಯನ್ನೂ ಅಂಗಳಕ್ಕೆ ಇಳಿಸಿಬಿಡುತ್ತದೆ. ಆ ಕಾರ್ಖಾನೆಯವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಹಾನಗಲ್ಲಿನ ಮಂಗ್ಯಾಗಳನ್ನು. ಪೇರಲ ಹಣ್ಣಿನ ಗಿಡದಿಂದ ನಮ್ಮ ಮಾಡಿಗೆ, ಮಾಡಿನಿಂದ ಪಕ್ಕದ ಮಾಡಿಗೆ ಅವು ಹಾರಿದಾಗಲೆಲ್ಲ ಒಂದೆರಡು ಹಂಚು ಬೆರಳಷ್ಟು ಸರಿಯುತ್ತಿದ್ದವು. ಬೆರಳಷ್ಟು ಸಾಕು, ಕೆಳಗಿನ ರೀಪು ನೆನೆಯುತ್ತದೆ. ನೆನೆದ ರೀಪಿಗೆ ಗೆದ್ದಲು ಹತ್ತುತ್ತದೆ. ರೀಪು ಬಾಗಿದರೆ ಆ ಸಾಲಿನ ಹಂಚೆಲ್ಲ ಕೂಡು ಬಿಡುತ್ತವೆ. ಆಷಾಢದಲ್ಲಿ ಒಬ್ಬನ ಅರ್ಧ ದಿನದ ಕೆಲಸವಾಗಿದ್ದದ್ದು ಮುಂದಿನ ವರ್ಷ ಬಡಿಗೇರನನ್ನೂ ಕರೆಸುವ ಖರ್ಚಾಗುತ್ತದೆ. ತಡ ಮಾಡುವ ಮಾಲಕ ದುಡ್ಡು ಉಳಿಸುತ್ತಿದ್ದೇನೆಂದು ತಿಳಿದಿರುತ್ತಾನೆ. ಖರೆ ಅಂದರೆ ಬಡ್ಡಿ ಬೆಳೆಸುತ್ತಿರುತ್ತಾನೆ.

ಊರ ತಾರಕೇಶ್ವರ ಗುಡಿಯ ಮಂಟಪದಲ್ಲಿ ತಲೆಯೆತ್ತಿದರೆ ಕಲ್ಲಿನಲ್ಲಿ ಅರಳಿದ ದೊಡ್ಡ ಕಮಲದ ಛತ್ತು ಕಾಣುತ್ತದೆ. ಚಾಲುಕ್ಯರ ಕಾಲದ್ದು, ಈಗ ಪುರಾತತ್ವ ಇಲಾಖೆಯ ಉಸ್ತುವಾರಿ. ನಮ್ಮವರು ಅಲ್ಲಿ ಕೂತಾಗ ಅನ್ನುತ್ತಿದ್ದರು: "ಲೆಕ್ಕ ಹಾಕಿದ್ರ ಈಗ ದೇವರೂ ಬಾಡಿಗಿಗೇ ಇದ್ದಾನ. ಆದ್ರ ಅವನ ಮಾಲಕ ರಿಪೇರಿಗೆ ಆಳು ಇಟ್ಟಾನ."

ನಮ್ಮ ಹಂಚು ಸರಿಯಾದದ್ದು ದೇವರಿಂದಲೂ ಅಲ್ಲ, ನಮ್ಮವರಿಂದಲೂ ಅಲ್ಲ. ಅಜ್ಜಾರ ಮೊಮ್ಮಗ ಸಂಜೆ ನನ್ನ ಹತ್ತಿರ ಗಣಿತ ಹೇಳಿಸಿಕೊಳ್ಳಲು ಬರುತ್ತಿದ್ದ. ಒಂದು ಸಂಜೆ ಅವನು ಬರೆದು ಮುಗಿಸಿದ ಪಟ್ಟಿಯ ಮೇಲೆ ಹನಿ ಬಿದ್ದು ಶಾಯಿ ಹರಿಯಿತು. ಹುಡುಗ ಅಳುತ್ತ ಮನೆಗೆ ಹೋದ. ಅವತ್ತೇ ರಾತ್ರಿ ಅಜ್ಜಾರ ಮನೆಯೊಳಗೆ ಅಮ್ಮನವರ ದನಿ ಏರಿದ್ದು ನಮ್ಮ ಗೋಡೆಗೂ ಕೇಳಿಸಿತು. ನಡುವೆ ಎರಡು ದಿನ ಬಿಸಿಲು ಬಿದ್ದದ್ದೇ ತಡ, ಗೌಂಡಿ ಏಣಿ ಹಚ್ಚಿದ. ಮಳೆಗಾಲದ ನಡುವೆಯೂ ಹೊಳವು ಇರುತ್ತದೆ. ಅದನ್ನು ಹುಡುಕುವ ಕಣ್ಣು ಬೇಕು, ಆ ಕಣ್ಣು ತೆರೆಯಬೇಕಾದರೆ ಹನಿ ಮಾಲಕರದೇ ಏನಾದರೊಂದರ ಮೇಲೆ ಬೀಳಬೇಕು.

ಶಿಗ್ಗಾವಿಯಲ್ಲಿ ಹಾಗೆ ಬೀಳಲು ಅವರದೆಂಬುದು ಏನೂ ಇರಲಿಲ್ಲ. ಆ ಮನೆ ಅಣ್ಣತಮ್ಮಂದಿರ ಜಂಟಿ ಆಸ್ತಿ. ಹಿರಿಯವರು ಹುಬ್ಬಳ್ಳಿಯಲ್ಲಿ, ನಡುವಿನವರು ಪುಣೆಯಲ್ಲಿ, ಬಾಡಿಗೆ ಎಣಿಸಿಕೊಳ್ಳುವ ಕಿರಿಯವರು ಊರಲ್ಲಿ. "ಇನ್ನೂ ವಾಟ್ನಿ ಆಗಿಲ್ರಿ ಅಕ್ಕಾರ. ನಾ ಇವತ್ತ ಖರ್ಚ ಹಾಕಿದ್ರ ನಾಳೆ ಮನಿ ಅಣ್ಣನ ಪಾಲಿಗೆ ಹೋಗತೈತಿ" ಎಂಬುದು ಅವರ ನ್ಯಾಯ. ಪುಣೆಯವರಿಗೆ ಫೋನ್ ಮಾಡಿದರೆ "ಊರಾಗ ಇದ್ದಾವ ನೋಡ್ಕೋಬೇಕು", ಹುಬ್ಬಳ್ಳಿಯವರಿಗೆ ಮಾಡಿದರೆ "ಬಾಡಿಗಿ ತಗೊಳ್ಳಾವ ನೋಡ್ಕೋಬೇಕು". ಮೂವರ ಮಾತೂ ಸರಿ. ಮೂವರ ಸರಿ ಮಾತಿನ ಕೆಳಗೆ ನಮ್ಮ ಅಡಿಗೆಮನೆ.

ಆ ಕಿರಿಯವರು ಭಜನಾ ಮಂಡಳಿಯ ಒಳ್ಳೆಯ ದನಿಯವರು. ಶಿಶುನಾಳ ಆ ತಾಲ್ಲೂಕಿನದೇ ಊರು. ಕನ್ನಡದಲ್ಲಿ ಮಾಳಿಗೆ ಸೋರುವ ಬಗ್ಗೆ ಎಲ್ಲರ ಬಾಯಲ್ಲಿರುವ ತತ್ವಪದ ಶರೀಫರದು. ನಾನು ಅಡಿಗೆಮನೆಯ ವಿಷಯ ತೆಗೆದಾಗ ಅವರು ಕಣ್ಣು ಮುಚ್ಚಿ ಆ ಪದವನ್ನೇ ಎತ್ತಿಕೊಂಡರು. ಮುಗಿಸಿ, "ಶರೀಫಜ್ಜ ಆಗ್ಲೇ ಹೇಳಿ ಹೋಗ್ಯಾನ ನೋಡ್ರಿ. ಮನಿ ಅಂದ್ರ ಈ ದೇಹ" ಎಂದರು. ನನಗೂ ಸಿಟ್ಟು ಬಂತು. "ದೇಹ ನನ್ನದು ಖರೆ, ಮಾಳಿಗಿ ನಿಮ್ಮದಲ್ರೀ?" ಅಂದೆ. ಅವರು ಮನಸಾರೆ ನಕ್ಕು ಚಹಾ ತರಿಸಿದರು. ಮಾಡಿಗೆ ತಾಡಪತ್ರಿ ಹೊದಿಸಿದವರು ಕೊನೆಗೆ ನಾವೇ.

ಈ ತಾಡಪತ್ರಿಯ ಖರ್ಚನ್ನು ಯಾರ ಹತ್ತಿರ ಕೇಳಬೇಕೆಂದು ಪರಿಚಯದ ವಕೀಲರೊಬ್ಬರನ್ನು ವಿಚಾರಿಸಿದಾಗಲೇ ನನಗೆ ಕಾಯ್ದೆಯ ಕಥೆ ತಿಳಿದದ್ದು. ಮಾಲಕ, ಬಾಡಿಗೆದಾರರ ಹಕ್ಕುಬಾಧ್ಯತೆ ಹೇಳುವ ಆಸ್ತಿ ವರ್ಗಾವಣೆ ಕಾಯ್ದೆ 1882ರದು. ಆಗ ಶರೀಫರು ಬದುಕಿದ್ದರು, 63ರ ಪ್ರಾಯ. ಆದರೆ ಕಾಯ್ದೆ ಹುಟ್ಟುವಾಗಲೇ ಮುಂಬೈ ಪ್ರಾಂತವನ್ನು ಹೊರಗಿಟ್ಟು ಹುಟ್ಟಿತು. ಶಿಗ್ಗಾವಿ ಆ ಪ್ರಾಂತದಲ್ಲಿತ್ತು. ಇಲ್ಲಿಗೆ ಅದು ಅನ್ವಯವಾದದ್ದು 1893ರಲ್ಲಿ, ಶರೀಫರು ತೀರಿಕೊಂಡು ನಾಲ್ಕು ವರ್ಷದ ಮೇಲೆ. ಪಕ್ಕದ ಸವಣೂರು ನವಾಬರ ಸಂಸ್ಥಾನ. 1948ರಲ್ಲಿ ವಿಲೀನವಾಗುವ ತನಕ ಅದರ ಹಾದಿಯೇ ಬೇರೆ. ಅಂದರೆ ಸೋರುವ ಮನೆಯ ಬಗ್ಗೆ ನಮ್ಮ ಕಡೆ ಮೊದಲು ಬಂದದ್ದು ತತ್ವಪದ, ಆಮೇಲೆ ಕಾನೂನು. ಈಗಲೂ ಮಾಲಕರು ಅದೇ ಸರದಿಯನ್ನು ಪಾಲಿಸುತ್ತಾರೆ.

ಆ ಕಾಯ್ದೆಯ 108ನೇ ಕಲಮಿನಲ್ಲಿ ಒಂದು ಉಪಾಯವಿದೆ. ಮಾಲಕ ಮಾಡಿಸಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಸಾಕಷ್ಟು ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಕೇಳಿ ನನಗೆ ಹಿಗ್ಗಾಯಿತು. ವಕೀಲರು ಕನ್ನಡಕದ ಮೇಲಿಂದ ನೋಡಿದರು. "ಮಾಡಿಸಲೇಬೇಕಾದ ಅಂದ್ರ ಯಾವುದ್ರಿ ಅಕ್ಕಾರ? ಯಾವುದು ಮಾಡಿಸಲೇಬೇಕು ಅಂತ ನಿಮ್ಮ ಕರಾರಿನ್ಯಾಗ ಬರದೈತೇನು?" ನಮ್ಮ ಕರಾರಿನಲ್ಲಿ ಬರೆದದ್ದು ನಾವು ಮೊಳೆ ಹೊಡೆಯಬಾರದು, ನಾಯಿ ಸಾಕಬಾರದು, ಬಿಡುವಾಗ ಸುಣ್ಣ ಹಚ್ಚಿಸಿಕೊಡಬೇಕು ಎಂದಷ್ಟೇ. ಮಾಡಿನ ಬಗ್ಗೆ ಒಂದಕ್ಷರವಿರಲಿಲ್ಲ. ಪ್ರಿಂಟ್ ಮಾಡಿ ಇಟ್ಟ ಆ ಕಾಗದವನ್ನು ಊರೂರ ಝೆರಾಕ್ಸ್ ಅಂಗಡಿಗಳಲ್ಲಿ ಹೆಸರು ಬದಲಿಸಿ ಕೊಡುತ್ತಾರೆ. ಅದನ್ನು ಮೊದಲು ಬರೆಸಿದವರು ಖಂಡಿತ ಮಾಲಕರ ಕಡೆಯವರು.

ಸವಣೂರಿಗೆ ಬಂದಾಗ ಈ ಕಾನೂನು ನನ್ನ ಕೈಯಲ್ಲಿತ್ತು, ಬೀಸಲು ಮಾತ್ರ ಬರಲಿಲ್ಲ. ಮಾಲಕಿ ವಯಸ್ಸಾದ ಒಬ್ಬಂಟಿ, ಓಣಿಯವರಿಗೆಲ್ಲ ಖಾಲಾ. ನನ್ನನ್ನು ಬೇಟಿ ಅನ್ನುತ್ತಿದ್ದರು. ಹಳೆಯ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿ, ಒಂದರಲ್ಲಿ ತಾವಿದ್ದು ಇನ್ನೊಂದನ್ನು ನಮಗೆ ಕೊಟ್ಟಿದ್ದರು. ಮೇಲಿನ ಮಾಳಿಗೆ ಮಾತ್ರ ಒಂದೇ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೊಪ್ಪು ಹಾಸಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಇಂಥ ಮಾಳಿಗೆಗೆ ವರ್ಷವರ್ಷವೂ ಮಳೆಗೆ ಮುಂಚೆ ಸವುಳು ಮಣ್ಣು ಹಾಕಿ ಬಡಿಯಬೇಕು. ಬೆಳೆಗೆ ವೈರಿಯಾದ ಆ ಮಣ್ಣು ನೀರು ಬಿದ್ದೊಡನೆ ಉಬ್ಬಿ ಸಣ್ಣ ತೂತುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಹೊಲ ಕೆಡಿಸುವ ಗುಣವೇ ಮಾಳಿಗೆಯನ್ನು ಕಾಯುತ್ತದೆ. ಹಿಂದೆ ಬಂಡಿಯಲ್ಲಿ ತಂದು ಹಾಕುವವರಿದ್ದರು. ಈಗ ಟ್ರ್ಯಾಕ್ಟರ್ ಬಾಡಿಗೆ, ಆಳಿನ ಪಗಾರ ಎರಡೂ ಏರಿವೆ, ಮಾಳಿಗೆ ಬಡಿಯಲು ಬಲ್ಲವರು ಮುದುಕರಾಗಿದ್ದಾರೆ. ಒಂದೆರಡು ವರ್ಷ ತಪ್ಪಿತೆಂದರೆ ಮೇಲೆ ಹುಲ್ಲು ಹುಟ್ಟುತ್ತದೆ, ಬೇರು ಇಳಿದ ಕಡೆ ನೀರೂ ಇಳಿಯುತ್ತದೆ, ತೊಲೆ ಮೆತ್ತಗಾಗುತ್ತದೆ.

ಸೋರುವುದು ಬೇರೆ, ತೊಲೆ ಬಾಗುವುದು ಬೇರೆ. ನಮ್ಮ ಪಡಸಾಲೆಯ ತೊಲೆ ಬಾಗಿದ್ದನ್ನು ತೋರಿಸಿದಾಗ ಖಾಲಾ ಮಾತಾಡದೆ ನನ್ನ ಕೈ ಹಿಡಿದು ತಮ್ಮ ಪಾಲಿಗೆ ಕರೆದೊಯ್ದರು. ಅಲ್ಲಿಯೂ ಅದೇ ತೊಲೆಯ ಇನ್ನೊಂದು ತುದಿ. ಕೆಳಗೆ ಒಂದು ಬಲ್ಲಿ ಕೊಟ್ಟು ನಿಲ್ಲಿಸಿ, ಅದರ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡಿದ್ದರು. ತಡ ಮಾಡುವವರೆಲ್ಲ ಒಂದೇ ಅಲ್ಲ ಎಂಬುದು ಅಲ್ಲಿ ತಿಳಿಯಿತು. ಕೈಯಲ್ಲಿದ್ದೂ ಬಿಚ್ಚದವರ ತಡ ಒಂದು. ಬಿಚ್ಚಲು ಏನೂ ಇಲ್ಲದವರ ತಡ ಇನ್ನೊಂದು. ಆ ಮುದುಕಿಯ ತಿಂಗಳ ರೇಷನ್, ಔಷಧಿ, ವೀಳ್ಯದೆಲೆ ಎಲ್ಲ ನಮ್ಮ ಬಾಡಿಗೆಯಲ್ಲೇ ನಡೆಯಬೇಕು. ಪ್ಲೇಟಿನಲ್ಲಿ ಸವಣೂರಿನ ಖಾರ ತಂದಿಟ್ಟು ಅವರೇ ಅಂದರು: "ನೀವ ಮಾಡಿಸ್ರಿ ಬೇಟಿ. ಬಾಡಿಗ್ಯಾಗ ಮುರಕೋರಿ. ಆದ್ರ ಒಮ್ಮೆಲೆ ಮುರಕೋಬ್ಯಾಡ್ರಿ." 108ನೇ ಕಲಮನ್ನು ಓದದೆ ಅವರು ಅದನ್ನೇ ಹೇಳಿದ್ದರು, ಕಾಯ್ದೆ ಮರೆತ ಕರುಣೆಯನ್ನೂ ಸೇರಿಸಿದ್ದರು.

2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆಯನ್ನು ರಾಜ್ಯಗಳ ಮುಂದಿಟ್ಟಿತು. ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಜೀವ. ಕುತೂಹಲಕ್ಕೆ ಓದಿದೆ. ಯಾವ ರಿಪೇರಿ ಯಾರದು ಎಂಬ ಪಟ್ಟಿಯೇ ಅದರಲ್ಲಿದೆ: ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ, ಪೈಪು ಬದಲಾಯಿಸುವುದು, ವೈರಿಂಗ್ ಮಾಲಕರಿಗೆ, ನಲ್ಲಿಯ ವಾಷರ್, ಸ್ವಿಚ್ಚು, ಗೀಸರ್, ಸ್ನಾನದ ತೊಟ್ಟಿ ಬಾಡಿಗೆದಾರರಿಗೆ. ಸ್ನಾನದ ತೊಟ್ಟಿ ಓದಿ ನಗು ಬಂತು. ನಮ್ಮ ಸವಣೂರಿನ ಮನೆಯಲ್ಲಿ ಮಳೆಗಾಲಕ್ಕೆ ಪಡಸಾಲೆಯೇ ತೊಟ್ಟಿ. ಆದರೆ ಖಾಲಾ ಹೇಳಿದ ಮಾತೂ ಅದರಲ್ಲಿತ್ತು: ರಿಪೇರಿಯ ಖರ್ಚನ್ನು ಮುರಿದುಕೊಳ್ಳುವಾಗ ಒಂದು ತಿಂಗಳಲ್ಲಿ ಅರ್ಧ ಬಾಡಿಗೆಗಿಂತ ಹೆಚ್ಚು ಮುರಿಯಬಾರದು. ದೊಡ್ಡ ಪಟ್ಟಣದ ಬಾಡಿಗೆದಾರರಿಗೆ ಇದು ಅಡ್ಡಗಾಲು ಅನ್ನಿಸಬಹುದು. ಬಾಡಿಗೆಯಲ್ಲೇ ಊಟ ಮಾಡುವ ಮಾಲಕಿಯ ಗೋಡೆಯಾಚೆ ಇದ್ದವರಿಗೆ ಅದರ ಅರ್ಥ ಆಗುತ್ತದೆ. ನಾವು ಬಡಿಗೇರನನ್ನು ಕರೆಸಿ ತೊಲೆಗೆ ಜೋಡು ತೊಲೆ ಕೊಡಿಸಿದೆವು, ಮಣ್ಣು ಹಾಕಿಸಿದೆವು, ಸ್ವಲ್ಪ ಸ್ವಲ್ಪವೇ ಮುರಿದುಕೊಂಡೆವು.

ಬಾಗಿದ ತೊಲೆಯ ಕೆಳಗೆ ಸಾವಕಾಶ ಮಾಡುವುದು ಎಂಥದೆಂದು ಆ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ನೆನೆದ ಮನೆ ಕುಸಿದು ಮೂವರು ತೀರಿಕೊಂಡರು. ಅವರಲ್ಲಿ ಇಬ್ಬರು ಎಳೆಯ ಅವಳಿ ಮಕ್ಕಳು. 2019ರ ಆಗಸ್ಟಿನ ಮಳೆ, ನೆರೆಯಲ್ಲಂತೂ ಜಿಲ್ಲೆಯ ತುಂಬ ಮಣ್ಣಿನ ಗೋಡೆಗಳು ಕೂತುಬಿಟ್ಟವು. ಆಗ ಬಿದ್ದ ಮನೆಗಳಿಗೆ ಎ, ಬಿ, ಸಿ ಎಂದು ದರ್ಜೆ ಹಚ್ಚಿದರು: ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ, ಕಡಿಮೆ ಜಖಂ ಆದದ್ದಕ್ಕೆ 50 ಸಾವಿರ. ಕೊಟ್ಟದ್ದು ಒಳ್ಳೆಯದೇ. ಆದರೆ ಬೀಳಲಿರುವ ಮನೆಗೆ ದರ್ಜೆಯಿಲ್ಲ, ಸೋರುವ ಮನೆಗೆ ಅರ್ಜಿಯ ನಮೂನೆಯೂ ಇಲ್ಲ. ಮನೆ ಬಿದ್ದ ಮೇಲೆ ತಲಾಟಿ, ಇಂಜಿನಿಯರ್, ಫೋಟೊ ತೆಗೆಯುವವರು ಎಲ್ಲ ಬರುತ್ತಾರೆ. ಬೀಳುವ ಮುಂಚೆ ಬರಬೇಕಾದವನು ಒಬ್ಬ ಗೌಂಡಿ ಮಾತ್ರ, ಅವನನ್ನು ಕರೆಯುವವರಿಲ್ಲ.

ಹಿರೇಕೆರೂರಿನಲ್ಲಿ ನಮಗೆ ಸ್ಲ್ಯಾಬಿನ ಹೊಸ ಮನೆ ಸಿಕ್ಕಿತು. ಮಾಲಕರು ಬೀಜ, ಗೊಬ್ಬರದ ಅಂಗಡಿಯವರು, ಗಟ್ಟಿ ಕುಳ. "ಹಂಚಲ್ಲ, ಮಣ್ಣಲ್ಲ, ಆರ್‌ಸಿಸಿ ಐತ್ರಿ. ಸೋರೂ ಮಾತ ಇಲ್ಲ" ಎಂದು ಎದೆ ತಟ್ಟಿ ಹೇಳಿದರು. ಮಳೆ ಹಿಡಿದಾಗ ಮಾತಿನ ಪ್ರಕಾರ ಹನಿ ಬೀಳಲಿಲ್ಲ. ಬದಲಿಗೆ ಅಡಿಗೆಮನೆಯ ಗೋಡೆ ಮುಟ್ಟಿದರೆ ಜುಮ್ಮೆನ್ನತೊಡಗಿತು. ಮಾಡಿನ ಮೇಲೆ ನೀರು ಹೋಗುವ ತೂತಿಗೆ ಎಲೆ ಕಸ ಸಿಕ್ಕಿ ಕೆರೆ ನಿಂತಿತ್ತು. ಆ ನೀರು ಸ್ಲ್ಯಾಬಿನೊಳಗೆ ವೈರು ಹಾಯುವ ಪೈಪು ಹಿಡಿದು ನೇರ ಸ್ವಿಚ್ ಬೋರ್ಡಿಗೆ ಇಳಿಯುತ್ತಿತ್ತು. ಪರಿಚಯದ ಲೈನ್‌ಮನ್ ಬಂದು ಮೇನ್ ಬಂದ್ ಮಾಡಿ, "ರಿಪೇರಿ ಆಗೂತನಾ ಹಚ್ಚಬ್ಯಾಡ್ರಿ" ಎಂದು ಹೋದ. ಮಾಲಕರಿಗೆ ಫೋನ್ ಮಾಡಿದರೆ ಬಿತ್ತನೆಯ ಗಿರಾಕಿಗಳ ಗದ್ದಲದ ನಡುವಿನಿಂದ ಅದೇ ಉತ್ತರ: "ಮಳಿ ಹೊಳವಾಗ್ಲಿ ಅಕ್ಕಾರ. ಯಜಮಾನ್ರಿಗೆ ಫೋನ್ ಮಾಡಾಕ ಹೇಳ್ರಿ."

ಫೋನಿನಲ್ಲಿ ಯಾವ ಮಾಲಕರಿಗೂ ಮಳೆ ಕೇಳಿಸುವುದಿಲ್ಲ. ಅಂಗಡಿಗೇ ಹೋಗಿ, "ಚಹಾಕ್ಕ ಬರ್ರಿ, ಬಾಡಿಗಿ ಎಣಿಸಿಕೊಂಡು ಹೋಗೀರಂತ" ಎಂದು ಕರೆದುತಂದೆ. ಮೋಡ ಕವಿದ ಸಂಜೆ, ಅಡಿಗೆಮನೆಯಲ್ಲಿ ಕತ್ತಲೆ. ಅವರನ್ನು ಕೂರಿಸಿ, "ದೀಪ ಹಚ್ರಿ, ಮೇನ್ ಹಾಕ್ತೇನಿ" ಎಂದೆ. ಕೈ ಬೋರ್ಡಿನ ತನಕ ಹೋಯಿತು. ಬೋರ್ಡಿನ ಕೆಳಗೆ ಗೋಡೆ ಬೆವರುತ್ತಿದ್ದದ್ದು ಕಂಡಿತು. ಕೈ ತಿರುಗಿ ಬಂದು ಕಿಸೆಯೊಳಗಿನ ಫೋನ್ ತೆಗೆಯಿತು. ಅರ್ಧ ತಾಸಿನಲ್ಲಿ ವೈರ್‌ಮನ್ ಬಂದ, ಮರುದಿನ ಸುರಿಯುವ ಮಳೆಯಲ್ಲೇ ಗೌಂಡಿಯ ಕಡೆಯ ಹುಡುಗ ಹತ್ತಿ ತೂತು ತೆಗೆದ. ಹಂಚಿನ ಮಾಡಿಗೆ ಇದ್ದ ನೆವ ಸ್ಲ್ಯಾಬಿಗೆ ಇರಲಿಲ್ಲ. ಇದ್ದದ್ದು ಕೈ ಇಡುವ ಹೆದರಿಕೆ ಮಾತ್ರ, ಅದು ಆ ತನಕ ನಮ್ಮೊಬ್ಬರದೇ ಆಗಿತ್ತು.

ಕರಾರು ಮುಗಿದು ಹೊಸದು ಮಾಡುವ ಹೊತ್ತಿಗೆ ನಾನು ಝೆರಾಕ್ಸ್ ಅಂಗಡಿಯ ಕಾಗದ ಬೇಡವೆಂದೆ. ಮೊಳೆ, ನಾಯಿ, ಸುಣ್ಣದ ಸಾಲುಗಳ ಕೆಳಗೆ ನನ್ನ ಕೈಯಿಂದಲೇ ಒಂದು ಸಾಲು ಸೇರಿಸಿದೆ: ಮಾಡು, ತೊಲೆ, ವೈರಿಂಗ್, ನೀರಿನ ಪೈಪುಗಳ ದುರಸ್ತಿ ಮಾಲಕರದು, ತಿಳಿಸಿದ ಎಂಟು ದಿನದೊಳಗೆ ಆಗದಿದ್ದರೆ ಬಾಡಿಗೆದಾರರು ಮಾಡಿಸಿ, ತಿಂಗಳಿಗೆ ಅರ್ಧ ಬಾಡಿಗೆ ಮೀರದಂತೆ ಮುರಿದುಕೊಳ್ಳುವುದು. ವಕೀಲರು ಹೇಳಿದ "ಮಾಡಿಸಲೇಬೇಕಾದ" ಎಂಬುದಕ್ಕೆ ಈಗ ಕಾಗದದ ಮೇಲೆ ನೆಲೆ ಸಿಕ್ಕಿತ್ತು, ಖಾಲಾ ಹೇಳಿದ ಮಾತಿಗೂ ಸಿಕ್ಕಿತ್ತು.

ಮಾಲಕರು ಆ ಸಾಲನ್ನು ಬೆರಳಿಟ್ಟು ಓದಿದರು. ನಮ್ಮ ಕಡೆ ಕರಾರು ಯಾವಾಗಲೂ ಹನ್ನೊಂದು ತಿಂಗಳಿನದು. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಕಚೇರಿಗೆ ಹೋಗಿ ನೋಂದಾಯಿಸಬೇಕು ಎಂಬ ಭಯ. ಅವರು ತಾರೀಕುಗಳನ್ನು ಎಣಿಸಿದರು, ಮೀಸೆಯಲ್ಲೇ ನಕ್ಕರು, ಸಹಿ ಹಾಕಿ ಕಾಗದ ನನ್ನ ಕಡೆ ಸರಿಸಿದರು.

"ಆತ್ರಿ ಅಕ್ಕಾರ, ಹನ್ನೊಂದ ತಿಂಗ್ಳ ಮಳಿ ನಂದು. ಹನ್ನೆರಡನೇ ತಿಂಗ್ಳ ಮಳಿ ಬಂದ್ರ ಮಾತ್ರ ನಿಮ್ಮ ಲೆಕ್ಕಕ್ಕ!"